‘ಎಕ್ಸ್‌ಪೋಷರ್’ಗೆ ‘ಒಡ್ಡಿಕೆ’ ಎಂದರೆ ಸಾಕೇ?

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಂಡ್ಯದಲ್ಲಿ ಫಿಲಂ ಕ್ಯಾಮೆರಾ ಕಲಿಯಲು ನನ್ನಲ್ಲಿಗೆ ಬರುವ ಐದಾರು ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ದೀಪದ ಬೆಳಕಿನಲ್ಲಿ, ಒಳಾಂಗಣದಲ್ಲಿ ಪಟ ತೆಗೆಯುವ ಅಧ್ಯಾಯ ಒಂದೇ ಪದಕ್ಕಾಗಿ ನಿಂತುಹೋಗಿದೆ.

ಎಕ್ಸ್‌ಪೋಷರ್ ಎಂಬುದಕ್ಕೆ ಮೂರು ಅರ್ಥಗಳಿವೆ: ಫಿಲಂ ಅನ್ನು ಬೆಳಕಿಗೆ ತೆರೆಯುವ ಕೆಲಸ, ಅದರ ಮೇಲೆ ಬಿದ್ದ ಬೆಳಕಿನ ಮೊತ್ತ, ರೋಲಿನ ಒಂದೊಂದು ಚೌಕ. ಕೊನೆಯದು ಸುಲಭ, ‘36 ಪಟದ ರೋಲ್’ ಎಂದರಾಯಿತು. ಮೊದಲನೆಯದಕ್ಕೆ ‘ಒಡ್ಡು’ ಸೊಗಸಾದ ಕ್ರಿಯಾಪದ, ಬಿಸಿಲಿಗೆ ಮೈಯೊಡ್ಡಿದಂತೆ. ಆದರೆ ಅದನ್ನೇ ನಾಮಪದ ಮಾಡಿದರೆ ನಮ್ಮ ನಾಲೆಬಯಲಿನ ಮಕ್ಕಳ ಕಣ್ಣಿಗೆ ಬರುವುದು ನೀರು ತಡೆಯುವ ಮಣ್ಣಿನ ಒಡ್ಡು. ‘ಒಡ್ಡಿಕೆ’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಅದರಲ್ಲಿ ಮೊತ್ತದ ಅರ್ಥವಿಲ್ಲ.

ಕಡಿಮೆ, ಹೆಚ್ಚು ಎಂದು ಹೇಳುವಾಗ ಇನ್ನೂ ಕಷ್ಟ. ಬೆಳಕು ಸಾಲದ ಪಟಕ್ಕೆ ‘ಕಪ್ಪಾಗಿದೆ’ ಎನ್ನುವುದು ರೂಢಿ. ಕೆಲವು ವರ್ಷಗಳ ಹಿಂದೆ ಒಂದು ಕಲ್ಯಾಣ ಮಂಟಪದಲ್ಲಿ ಧಾರೆಯ ಪಟ ತೆಗೆದೆ. ವಧುವಿನ ಹಿಂದೆ ಅಲಂಕಾರದ ಬಲ್ಬುಗಳ ಸಾಲಿತ್ತು. ಬೆಳಕು ಅಳೆಯುವ ಮೀಟರ್ ಆ ಬಲ್ಬುಗಳನ್ನು ಲೆಕ್ಕಕ್ಕೆ ಹಿಡಿದು ಬೆಳಕು ಸಾಕೆಂದಿತು, ನಾನು ನಂಬಿದೆ. ಮುದ್ರಿಸಿದ ಪಟದಲ್ಲಿ ಮುಖ ಕಪ್ಪು, ನೆಗೆಟಿವ್‌ನಲ್ಲಿ ಅದೇ ಜಾಗ ಗಾಜಿನಂತೆ ಬರಿದು. ಒಂದೇ ತಪ್ಪು ಒಂದು ಕಡೆ ಕಪ್ಪು, ಇನ್ನೊಂದು ಕಡೆ ತೆಳುವಾಗಿ ಕಾಣುವಾಗ ಬಣ್ಣ ಹೇಳುವ ಪದ ಮಗುವಿನ ದಾರಿ ತಪ್ಪಿಸುತ್ತದೆ. ಫಿಲಂಗೆ ಎಷ್ಟು ಬೆಳಕು ದಕ್ಕಿತು ಎಂಬುದನ್ನೇ ಪದ ಹೇಳಬೇಕು.

ಮಕ್ಕಳಿಗೆ ನಾನು ಬಾಯಿಮಾತಿನಲ್ಲಿ ಹೇಳುವುದು ಗದ್ದೆಯ ಲೆಕ್ಕ. ತೂಬು ಎಷ್ಟು ತೆರೆದಿದೆ, ಎಷ್ಟು ಹೊತ್ತು ತೆರೆದಿತ್ತು. ಎರಡೂ ಸೇರಿ ಗದ್ದೆಗೆ ಬಂದ ನೀರು. ಲೆನ್ಸಿನ ಕಂಡಿಯೂ ಷಟರ್ ವೇಗವೂ ಹಾಗೆಯೇ. ಅಲ್ಲಿಂದಲೇ ನೀರುಣಿಸು ಎಂಬ ಅರ್ಥದ ‘ನೀರೂಡು’ ಎಂಬುದನ್ನು ನೆನೆದು ‘ಬೆಳಕೂಡಿಕೆ’ ಎಂದು ಬರೆದೆ. ಮಕ್ಕಳು ‘ಕೂಡಿಕೆ’ ಎಂದು ಒಡೆದು ಓದಿದರು, ಬಿಟ್ಟೆ. ಈಗ ಮನಸ್ಸು ‘ಬೆಳಕುಣಿಸು’ ಎಂಬುದರ ಮೇಲಿದೆ. ತಿನಿಸಿನಂತೆ ಉಣಿಸು ಕ್ರಿಯೆಯೂ ಹೌದು, ಉಣ್ಣುವ ವಸ್ತುವೂ ಹೌದು. ಸಾಲದಿದ್ದರೆ ‘ಅರೆಯುಣಿಸು’ ಎನ್ನಬಹುದು. ಮಿತಿ ಮೀರಿದ್ದಕ್ಕೆ ಅಷ್ಟೇ ಚಿಕ್ಕ ಪದ ನನಗೆ ಹೊಳೆದಿಲ್ಲ.

ಕೆಳಗಿನ ಎರಡು ವಾಕ್ಯಗಳಲ್ಲಿ ಬಿಟ್ಟ ಜಾಗಕ್ಕೆ ನೀವು ಯಾವ ಪದ ಹಾಕುತ್ತೀರಿ, ದಯವಿಟ್ಟು ತಿಳಿಸಿ. ಸ್ಟುಡಿಯೋಗಳಲ್ಲಿ ದುಡಿದವರ ಬಾಯಲ್ಲಿ ಬೇರೆ ಮಾತು ಕೇಳಿದ್ದರೆ ಅದೇ ನನಗೆ ಹೆಚ್ಚು ಬೇಕು.

“ಹಳದಿ ಬಲ್ಬಿನ ಬೆಳಕಿನಲ್ಲಿ ಹಗಲು ಬೆಳಕಿಗೆಂದು ಮಾಡಿದ ಫಿಲಂ ಬಳಸಿ 80ಎ ನೀಲಿ ಫಿಲ್ಟರ್ ಹಾಕಿದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ಕಡಿಮೆಯಾಗುತ್ತದೆ, ____ ಸರಿಹೋಗಲು ಷಟರ್ ನಾಲ್ಕು ಪಟ್ಟು ಹೊತ್ತು ತೆರೆದಿರಬೇಕು.”

“ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ, ಷಟರ್ ವೇಗ 1/250 ಇದ್ದರೆ ಒಂದು ಪಟದ ____ ಇನ್ನೊಂದಕ್ಕೆ ಬರುವುದಿಲ್ಲ, 1/30 ಇದ್ದರೆ ಹೆಚ್ಚುಕಡಿಮೆ ಸಮವಾಗಿ ಬರುತ್ತದೆ.”