ಸಹಾಯ ಬೇಕು: ನೀತಿ ಸಮಿತಿಯಲ್ಲಿ (ಎಥಿಕ್ಸ್ ಕಮಿಟಿ) ಜನಸಾಮಾನ್ಯರ ಪರವಾಗಿ ಕೂತವರು ಇಲ್ಲಿದ್ದೀರಾ?

ನಮಸ್ಕಾರ. ನಾನು ಉಡುಪಿಯವಳು, ನಿವೃತ್ತ ಕನ್ನಡ ಟೀಚರ್. ಔಷಧ ಪ್ರಯೋಗಗಳನ್ನು ಪರಿಶೀಲಿಸುವ ನೀತಿ ಸಮಿತಿಯೊಂದರಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಬೇಕೆಂದಿದ್ದೇನೆ. 2019ರ ಕೇಂದ್ರ ನಿಯಮದಂತೆ ಇಂಥ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು. ಅವರಲ್ಲಿ ಒಬ್ಬರಾದರೂ ನಮ್ಮಂಥ ಸಾಮಾನ್ಯರು. ಅರ್ಧದಷ್ಟು ಸದಸ್ಯರು ಸಮಿತಿ ರಚಿಸಿದ ಸಂಸ್ಥೆಯ ಹೊರಗಿನವರೇ ಆಗಿರಬೇಕು. ಒಳ್ಳೆಯ ನಿಯಮ ಅಲ್ವಾ? ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೂಡ 1990ರ ದಶಕದ ಕೊನೆಯಲ್ಲೇ ಸಲಹೆಗಾಗಿ ಸಾಮಾನ್ಯ ಜನರ ಪ್ರತಿನಿಧಿಗಳ ಮಂಡಳಿ ಮಾಡಿತ್ತು.

ನನ್ನ ಕಾಳಜಿ ಜಾಸ್ತಿ ಇರುವುದು ಪ್ರಯೋಗಕ್ಕೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರದ ಬಗ್ಗೆ. ಪಕ್ಕದ ಮನೆಯವರಿಗೆ ಕೊಟ್ಟ ಪತ್ರ ಓದಿದೆ. ಕನ್ನಡದಲ್ಲೇ ಇತ್ತು, ಆದರೆ ಎರಡು ಸಲ ಓದಬೇಕಾಯಿತು. ಯಾವಾಗ ಬೇಕಾದರೂ ಪ್ರಯೋಗದಿಂದ ಹೊರಬರಬಹುದು, ಅದರಿಂದ ಚಿಕಿತ್ಸೆಗೆ ತೊಂದರೆ ಇಲ್ಲ ಎಂಬ ಸಾಲು ಎಲ್ಲೋ ಕೊನೆಯಲ್ಲಿತ್ತು. ಅದು ಮೊದಲ ಪುಟದಲ್ಲೇ ಇರಬೇಕು! ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಹಿರಿಯರಿಗೆ ಬಾಯಲ್ಲೂ ವಿವರಿಸಬೇಕು.

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಅರ್ಜಿ ಯಾರಿಗೆ ಕೊಡಬೇಕು? ತರಬೇತಿ ಎಲ್ಲಿ ಸಿಗುತ್ತದೆ? ಡಾಕ್ಟರುಗಳ ನಡುವೆ ಪ್ರಶ್ನೆ ಕೇಳಿದಾಗ ನಿಜವಾಗಿ ಕಿವಿಗೊಡುತ್ತಾರಾ? ಕೊನೆಯದಕ್ಕೆ ಸ್ವಂತ ಅನುಭವದ ಉತ್ತರವೇ ಬೇಕು.