ಬೆಳಿಗ್ಗೆ ನಡುಗುವ ಎಂಜಿನ್: ಭಾನುವಾರ ಮೇಸ್ತ್ರಿಗೆ ಕೇಳಿ

ಅಡ್ಮಿನ್: ಇವತ್ತಿನ ವಿಷಯ, ಬೆಳಿಗ್ಗೆ ಏಳದ ಕಾರು ಮತ್ತು ಮಿಸ್ಸಿಂಗ್ ಹೊಡೆಯುವ, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದ ಎಂಜಿನ್. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಮೇಸ್ತ್ರಿಯವರು ಉತ್ತರ ಕೊಡುತ್ತಾರೆ. ಪೆಟ್ರೋಲೋ ಡೀಸೆಲ್ಲೋ, ಯಾವ ವರ್ಷದ್ದು, ಎಷ್ಟು ಓಡಿದೆ, ಇಷ್ಟು ಬರೆದೇ ಕೇಳಿ.

ಧಾರವಾಡ ಸಪ್ತಾಪುರ: ಮೇಸ್ತ್ರಿಗಳೇ ನಮಸ್ಕಾರ. ಪೆಟ್ರೋಲ್, 2018, 70 ಸಾವಿರ ಕಿ.ಮೀ. ಬೆಳಿಗ್ಗೆ ಮೂರನೇ ಸಲ ಸೆಲ್ಫ್ ಹೊಡೆದರೆ ಏಳುತ್ತದೆ. ಮಧ್ಯಾಹ್ನ ಏನೂ ತೊಂದರೆ ಇಲ್ಲ. ಬ್ಯಾಟರಿ ಹೊಸದು.

ಮೇಸ್ತ್ರಿ: ನಮಸ್ಕಾರ. ನಾಳೆ ಬೆಳಿಗ್ಗೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆ ಪಂಪು ಎರಡು ಸೆಕೆಂಡ್ ಗುಂಯ್ ಅನ್ನುತ್ತದೆ. ಆಫ್ ಮಾಡಿ. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ಒಂದೇ ಏಟಿಗೆ ಎದ್ದರೆ, ರಾತ್ರಿ ಪೆಟ್ರೋಲ್ ಲೈನಿನ ಪ್ರೆಶರ್ ಇಳಿಯುತ್ತಿದೆ. ಪಂಪಿನ ವಾಲ್ವು ಅಥವಾ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮುವ ಇಂಜೆಕ್ಟರ್ ಸೋರುತ್ತಿರುತ್ತದೆ. ಏಳದಿದ್ದರೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಟೆಂಪರೇಚರು ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ ಇರಬೇಕು. 18 ಡಿಗ್ರಿ ಚಳಿಯಲ್ಲಿ 60 ತೋರಿಸಿದರೆ ಸೆನ್ಸರ್ ಕೆಟ್ಟಿದೆ. ಎಂಜಿನ್ ಬಿಸಿ ಇದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಬಿಡುತ್ತದೆ.

ರಾಣೇಬೆನ್ನೂರು: ಫಾರ್ವರ್ಡ್ ಬಂದದ್ದು: ಟ್ಯಾಂಕಿಗೆ ನಾಲ್ಕು ಡಾಂಬರ್ ಗುಳಿಗೆ ಹಾಕಿದರೆ ಇಂಜೆಕ್ಟರ್ ಕ್ಲೀನ್, ಪಿಕಪ್ ಡಬಲ್. ಎಲ್ಲರಿಗೂ ಕಳಿಸಿ.

ಮೇಸ್ತ್ರಿ: ಯಾರೂ ಹಾಕಬೇಡಿ. ಅದು ತಣ್ಣಗಾದರೆ ಮತ್ತೆ ಹರಳುಗಟ್ಟಿ ಫಿಲ್ಟರಿನಲ್ಲಿ ಕೂರುತ್ತದೆ.

ಗದಗದ ಟೀಚರ್: ಸರ್, ಪೆಟ್ರೋಲ್, 2015, 92 ಸಾವಿರ ಕಿ.ಮೀ. ಬೆಳಿಗ್ಗೆ ಸ್ಟಾರ್ಟ್ ಆದ ಮೇಲೆ ಒಂದು ನಿಮಿಷ ಗಡಗಡ ನಡುಗುತ್ತದೆ. ಸ್ಟೇರಿಂಗೂ ನಡುಗುತ್ತದೆ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತದೆ. ಇಲ್ಲಿನ ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ಗು, ಪ್ಲಗ್ಗಿಗೆ ಕರೆಂಟು ಕೊಡುವ ನಾಲ್ಕೂ ಕಾಯಿಲ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಕೊಟ್ಟರು. ಸ್ಕ್ಯಾನರಿನಲ್ಲಿ ಪ್ರತಿ ಸಲ ಪಿ0303 ಅನ್ನೋ ಕೋಡೇ ಬರುತ್ತದೆ.

ಮೇಸ್ತ್ರಿ: ಅಕ್ಕಾರೇ, ಪಿ0303 ಅಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್, ಅಷ್ಟೇ. ಯಾಕೆ ಅಂತ ಅದು ಹೇಳುವುದಿಲ್ಲ. ಮೂರನೆಯದರ ಕಾಯಿಲ್ ಎರಡಕ್ಕೆ ಹಾಕಿ ನೋಡಿದ್ದರೆ ಸಾಕಿತ್ತು. ಕೋಡು 0302 ಆದರೆ ಕಾಯಿಲ್ ತಪ್ಪು, ಆಗದಿದ್ದರೆ ಕಾಯಿಲ್ ಅಲ್ಲ. ನಯಾ ಪೈಸೆ ಖರ್ಚಿಲ್ಲ. ಈಗ ಎರಡು ಮಾತು ಕೇಳುತ್ತೇನೆ. ಕೂಲಂಟ್ ಕಡಿಮೆ ಆಗುತ್ತಿದೆಯಾ? ಗಾಡಿ ಯಾವಾಗಾದರೂ ಹೀಟ್ ಆಗಿತ್ತಾ?

ನವಲಗುಂದ: ಮೇಸ್ತ್ರಿ ಅಣ್ಣಾ, ನನ್ನದೂ ಬೆಳಿಗ್ಗೆ ಮೂರನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲ್. ಏನು ಮಾಡಲಿ?

ಮೇಸ್ತ್ರಿ: ಸಪ್ತಾಪುರದವರಿಗೆ ಬರೆದದ್ದನ್ನು ಓದಿ.

ಹಾವೇರಿ: ಇದೆಲ್ಲ ಇ20 ಪೆಟ್ರೋಲಿನ ಮಹಿಮೆ. ಎಥೆನಾಲ್ ಬಂದ ಮೇಲೇ ಎಲ್ಲರ ಗಾಡಿ ಕೆಟ್ಟದ್ದು.

ಹಾನಗಲ್: ಎಥೆನಾಲಿಗೆ ನಮ್ಮ ಗೋವಿನಜೋಳ ಹೋಗುತ್ತದೆ ಸಾಹೇಬರೇ. ಅದು ಬೇಡ ಅಂದರೆ ಮಾಲು ನೀವು ಕೊಳ್ಳುತ್ತೀರಾ?

ಹಾವೇರಿ: ಜೋಳ ಬೆಳೆಯೋದು ದನಕ್ಕೆ, ಕೋಳಿಗೆ. ನನ್ನ ಕಾರು ಕೋಳಿ ಅಲ್ಲ.

ಹಾನಗಲ್: ಕಾರಿನವರಿಗೆ ರೈತ ಯಾವತ್ತೂ ಬೇಡ ಬಿಡಿ.

ಮೇಸ್ತ್ರಿ: ಜಗಳ ಆಮೇಲೆ. 20 ಪರ್ಸೆಂಟ್ ಎಥೆನಾಲ್ ಇದ್ದರೂ ನಮ್ಮ ಕಡೆಯ ಚಳಿಗೆ ಸ್ಟಾರ್ಟಿಂಗ್ ಕೆಡುವುದಿಲ್ಲ. ಹಳೇ ಗಾಡಿಯ ರಬ್ಬರ್ ಪೈಪು ನೋಡಿಕೊಳ್ಳಬೇಕು, ಅದು ನಿಜ. ಇನ್ನೊಂದು, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಪಂಪು ಮೊದಲು ಎಳೆಯೋದೇ ತಳದ್ದನ್ನು.

ಗದಗದ ಟೀಚರ್: ಸರ್, ತಿಂಗಳಿಗೆ ಅರ್ಧ ಲೀಟರ್ ನೀರು ಹಾಕುತ್ತೇವೆ. ಹಳೇ ಗಾಡಿ ಅಲ್ವಾ ಅಂತ ಸುಮ್ನೆ ಇದ್ದೆವು. ಕೆಳಗೆ ಹನಿಯೂ ಬೀಳಲ್ಲ. ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗುವಾಗ ಒಮ್ಮೆ ಹೀಟ್ ಆಗಿ ನಿಂತಿತ್ತು. ಫ್ಯಾನ್ ರಿಪೇರಿ ಮಾಡಿಸಿದೆವು.

ಮೇಸ್ತ್ರಿ: ಇದನ್ನು ಎಲ್ಲರೂ ಓದಿ. ಕೂಲಂಟ್ ಇಳಿಯುತ್ತದೆ, ಕೆಳಗೆ ಬೀಳುವುದಿಲ್ಲ. ಒಮ್ಮೆ ಹೀಟ್ ಆಗಿದೆ. ತಣ್ಣಗಿದ್ದಾಗ ಒಂದೇ ಸಿಲಿಂಡರ್ ಮಿಸ್, ಅದೂ ಒಂದು ನಿಮಿಷ. ನನಗೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಹಾಳೆಯ ಮೇಲೆ. ಸಂಜೆ ಗಾಡಿ ನಿಲ್ಲಿಸಿದಾಗ ಕೂಲಂಟ್ ಬಿಸಿ ಇರುತ್ತದೆ, ಪೈಪಿನಲ್ಲಿ ಪ್ರೆಶರ್ ಇರುತ್ತದೆ. ಗ್ಯಾಸ್ಕೆಟ್ಟಿನಲ್ಲಿ ಕೂದಲೆಳೆ ಬಿರುಕಿದ್ದರೂ ರಾತ್ರಿಯೆಲ್ಲ ಆ ನೀರು ಸಿಲಿಂಡರಿಗೆ ಜಿನುಗುತ್ತದೆ. ಬೆಳಿಗ್ಗೆ ಪ್ಲಗ್ಗು ಒದ್ದೆ, ಕಿಡಿ ಹತ್ತಲ್ಲ. ಒಂದು ನಿಮಿಷಕ್ಕೆ ನೀರು ಆವಿಯಾಗಿ ಸೈಲೆನ್ಸರಿನಲ್ಲಿ ಹೋದ ಮೇಲೆ ಎಂಜಿನ್ ಸುಮ್ಮನಾಗುತ್ತದೆ. ಹೊಗೆ ಬಿಳಿ, ಸ್ವಲ್ಪ ಸಿಹಿ ವಾಸನೆ ಇದ್ದರೆ ಅನುಮಾನ ಇನ್ನೂ ಜಾಸ್ತಿ. ಚಳಿಯಲ್ಲಿ ಎಲ್ಲಾ ಗಾಡಿಗೂ ಸ್ವಲ್ಪ ಬಿಳಿ ಹೊಗೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಬಣ್ಣ ಕಂಡರೂ ಅದೊಂದೇ ಸಾಕ್ಷಿ ಅಲ್ಲ. ಬರೀ ಒಂದೆರಡು ಕಿ.ಮೀ. ಓಡಿಸುವ ಗಾಡಿಯಲ್ಲೂ ಹಾಗಾಗುತ್ತದೆ.

ಪರೀಕ್ಷೆ ಹೀಗೆ. ಗಾಡಿ ತಣ್ಣಗಿರುವಾಗ ರೇಡಿಯೇಟರಿಗೆ ಕೈಪಂಪು ಹಚ್ಚಿ, ಮುಚ್ಚಳದ ಮೇಲೆ ಬರೆದಷ್ಟೇ ಪ್ರೆಶರ್ ಕೊಟ್ಟು ರಾತ್ರಿ ಬಿಡಬೇಕು. ಬೆಳಿಗ್ಗೆ ಪ್ಲಗ್ಗೆಲ್ಲ ಬಿಚ್ಚಿ ಕ್ಯಾಮೆರಾ ಇಳಿಸಿ ನೋಡಬೇಕು. ಮೂರರ ಪಿಸ್ಟನ್ ಮೇಲೆ ನೀರು ಇದ್ದರೆ ಮುಗಿಯಿತು. ಎಷ್ಟೋ ಸಲ ಆ ಪಿಸ್ಟನ್ ಮಾತ್ರ ಆವಿಯಲ್ಲಿ ತೊಳೆದು ಬೆಳ್ಳಗಿರುತ್ತದೆ, ಉಳಿದದ್ದು ಕರ್ರಗಿರುತ್ತವೆ. ಕೂಲಂಟಿಗೆ ಎಂಜಿನ್ ಹೊಗೆ ಸೇರಿದೆಯಾ ಅಂತ ನೋಡಲು ನೀಲಿ ಔಷಧ ಹಳದಿ ಆಗುವ ಟೆಸ್ಟೂ ಇದೆ. ಸಣ್ಣ ಸೋರಿಕೆಗೆ ಅದು ಬದಲಾಗದೇ ಇರಬಹುದು. ಬಣ್ಣ ಬದಲಾಗಲಿಲ್ಲ ಅಂತ ಯಾರಾದರೂ ಗಾಡಿ ವಾಪಸ್ ಕೊಟ್ಟರೆ ಒಪ್ಪಬೇಡಿ. ಹೆಡ್ ಬಿಚ್ಚಿದರೆ ಪಟ್ಟಿ ಇಟ್ಟು ಸಮ ಇದೆಯಾ ನೋಡಿಸಿ. ಒಮ್ಮೆ ಹೀಟ್ ಆದ ಹೆಡ್ ಸೊಟ್ಟಗಾಗಿದ್ದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ಸೆಲ್ಫ್ ಹೊಡೆದಾಗ ಎಂಜಿನ್ ಟಕ್ ಅಂತ ನಿಂತುಬಿಟ್ಟರೆ ಮತ್ತೆ ಹೊಡೆಯಲೇಬೇಡಿ. ತಳ್ಳಿ ಸ್ಟಾರ್ಟ್ ಮಾಡಲೂ ಬೇಡಿ. ಸಿಲಿಂಡರಿನಲ್ಲಿ ನೀರು ತುಂಬಿದ್ದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ರಾಣೇಬೆನ್ನೂರು: ಟೀಚರ್, ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ, ಸೋರಿಕೆ ನಿಲ್ಲುತ್ತದೆ. ನಮ್ಮ ಕಾಕಾ ಹಾಕಿದ್ದರು.

ಮೇಸ್ತ್ರಿ: ಹಾಕಬೇಡಿ ಅಕ್ಕಾರೇ. ರೇಡಿಯೇಟರ್, ಹೀಟರ್ ಎರಡೂ ಕಟ್ಟಿಕೊಂಡು ಗಾಡಿ ಮತ್ತೆ ಹೀಟ್ ಆಗುತ್ತದೆ. ರಾಣೇಬೆನ್ನೂರಿನವರೇ, ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಡಿ.

ರಾಣೇಬೆನ್ನೂರು: ಒಳ್ಳೇದು ಹೇಳಿದರೂ ತಪ್ಪಾ?

ನವನಗರ: ಸರ್ ಅರ್ಜೆಂಟ್. ಬೆಳಗಾವಿಗೆ ಹೊರಟಿದ್ದೇವೆ, ತೇಗೂರು ದಾಟಿದೆ. ಚೆಕ್ ಎಂಜಿನ್ ಲೈಟ್ ಮಿಣಮಿಣ ಅನ್ನುತ್ತಿದೆ, ಪಿಕಪ್ ಇಲ್ಲ. ನಿಧಾನವಾಗಿ ಹೋಗಬಹುದಾ?

ಮೇಸ್ತ್ರಿ: ನಿಲ್ಲಿಸಿ. ಸುಮ್ಮನೆ ಹತ್ತಿ ಉರಿದರೆ ಬೇರೆ, ಮಿಣುಕಿದರೆ ಬೇರೆ. ಮಿಣುಕಿದರೆ ಮಿಸ್ಸಿಂಗ್ ಜೋರಾಗಿದೆ ಅಂತ. ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್‌ನಲ್ಲಿ, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿಯಲ್ಲಿ ಹೋಗಿ ಉರಿಯುತ್ತದೆ. ಅದು ಕೆಂಪಗೆ ಕಾಯುತ್ತದೆ, ಒಳಗಿನ ಜಾಲರಿ ಕರಗುತ್ತದೆ. ಪಕ್ಕಕ್ಕೆ ತೆಗೆದುಕೊಳ್ಳುವಾಗ ಒಣಹುಲ್ಲು ಇಲ್ಲದ ಜಾಗ ನೋಡಿ. ರೋಡಿನ ಮೇಲೆ ಒಕ್ಕಲಿಗೆ ಹಾಕಿದ ಸೊಪ್ಪೆ, ಹೊಟ್ಟಿನ ಮೇಲಂತೂ ನಿಲ್ಲಿಸಬೇಡಿ. ಬೆಂಕಿ ಹತ್ತುತ್ತದೆ.

ಮುಂಡರಗಿ: ಡೀಸೆಲ್ ಜೀಪು, 2012. ಪ್ಲಗ್ಗು ಬದಲಿಸಿದರೆ ಬೆಳಿಗ್ಗೆ ಬೇಗ ಏಳುತ್ತದಾ? ಏರ್ ಫಿಲ್ಟರಿಗೆ ಸ್ಪ್ರೇ ಹೊಡೆದರೆ ಏಳುತ್ತದೆ ಅಂತ ವಿಡಿಯೋ ಬಂದಿದೆ.

ಮೇಸ್ತ್ರಿ: ಡೀಸೆಲ್ಲಿಗೆ ಕಿಡಿ ಪ್ಲಗ್ಗು ಇಲ್ಲ, ಹೀಟರ್ ಪ್ಲಗ್ಗು ಇರೋದು. ಅದು ಕೆಂಪಗಿರುವಾಗ ಈಥರ್ ಸ್ಪ್ರೇ ಹೊಡೆದರೆ ಒಳಗೆ ಸಿಡಿದು ಪಿಸ್ಟನ್ನೇ ಒಡೆಯಬಹುದು. ನಿಮ್ಮೂರಿನ ಚಳಿಗೆ ಹೀಟರ್ ಪ್ಲಗ್ಗಿಗಿಂತ ಮೊದಲು ಬ್ಯಾಟರಿ, ಆಮೇಲೆ ಡೀಸೆಲ್ ಲೈನಿನಲ್ಲಿ ಗಾಳಿ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು.

ಬ್ಯಾಡಗಿ: ನಮ್ಮದು ಬೇರೆ ಕಥೆ. ಗೋದಾಮಿನಲ್ಲಿ ನಿಲ್ಲಿಸುತ್ತೇವೆ. ಇಲಿ ಇಂಜೆಕ್ಟರ್ ವೈರು ಕಡಿದು ಮಿಸ್ಸಿಂಗ್ ಬಂತು. ಈಗ ಬಾನೆಟ್ಟಿನಲ್ಲಿ ಮೆಣಸಿನಪುಡಿ ಕಟ್ಟಿಟ್ಟಿದ್ದೇವೆ.

ಹಾನಗಲ್: ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲಿ ತುಟಿಗೆ ಹಚ್ಚಿಕೊಂಡು ಹೋಗುತ್ತದೆ.

ಬ್ಯಾಡಗಿ: ನಿಮ್ಮ ಗೋವಿನಜೋಳ ಇಟ್ಟರೆ ಸಂಸಾರ ಸಮೇತ ಬರುತ್ತದೆ.

ಹಾವೇರಿ: ಹ್ಹ ಹ್ಹ, ಎಥೆನಾಲ್ ಕುಡಿಯಲು.

ಹಾನಗಲ್: ಹಾವೇರಿಯವರೇ, ರೈತರ ವಿಷಯ ನಗೆಚಾಟಿಕೆ ಅಲ್ಲ. ಅಡ್ಮಿನ್, ಇವರಿಗೆ ಹೇಳುತ್ತೀರೋ ಇಲ್ಲವೋ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಕುಂದಗೋಳ: ಸರ್, ಸಿಎನ್‌ಜಿ ಹಾಕಿಸಿದ ಮೇಲೆ ಏರು ಹತ್ತುವಾಗ ಮಿಸ್ಸಿಂಗ್. ಪೆಟ್ರೋಲಿನಲ್ಲಿ ಇಲ್ಲ.

ಮೇಸ್ತ್ರಿ: ಗ್ಯಾಸಿಗೆ ಜೋರು ಕಿಡಿ ಬೇಕು. ಸವೆದ ಪ್ಲಗ್ಗು ಮೊದಲು ಅಲ್ಲೇ ಸಿಕ್ಕಿಬೀಳುತ್ತದೆ. ಪ್ಲಗ್ಗು, ಗ್ಯಾಪು ನೋಡಿಸಿ.

ನವಲಗುಂದ: ಅಣ್ಣಾ, ಮೂರು ಸಲ ಕೀ ಅಂದರೆ ಸೆಲ್ಫ್ ಹೊಡೆಯಬೇಕಾ?

ಮೇಸ್ತ್ರಿ: ಇಲ್ಲ. ಓದಿ.

ಹಿರೇಕೆರೂರು: 2014ರ ಡೀಸೆಲ್ ಕಾರು ಒಂದು ಮಾರಾಟಕ್ಕಿದೆ, ಬೆಳಿಗ್ಗೆ ಸ್ವಲ್ಪ ನೀಲಿ ಹೊಗೆ. ತೆಗೆದುಕೊಳ್ಳಬಹುದಾ ಸರ್?

ಗದಗದ ಟೀಚರ್: ಸರ್, ನಾಳೆ ಬಸ್ಸಿಗೇ ಶಾಲೆಗೆ ಹೋಗುತ್ತೇನೆ. ಮಂಗಳವಾರ ಬೆಳಿಗ್ಗೆ ನಿಮ್ಮಲ್ಲಿಗೆ ಓಡಿಸಿಕೊಂಡು ಬರಲಾ?

ಮೇಸ್ತ್ರಿ: ಬೇಡ. ಗದಗದಿಂದ ಇಲ್ಲಿಗೆ ಐವತ್ತು ಕಿ.ಮೀ. ಮೇಲಾಗುತ್ತದೆ. ನಡುವೆ ಹೀಟ್ ಆದರೆ ಹೆಡ್ಡೇ ಹೋಗುತ್ತದೆ. ಸೋಮವಾರ ಸಂಜೆ ಟೋ ಮಾಡಿಸಿ ಕಳಿಸಿ, ರಾತ್ರಿ ಪ್ರೆಶರ್ ಕೊಟ್ಟು ಇಡಬೇಕು. ಬಿಚ್ಚಿದ ಹಳೇ ಪ್ಲಗ್ಗು ಇದ್ದರೆ ಅವನ್ನೂ ಕೊಟ್ಟು ಕಳಿಸಿ, ಯಾವುದು ಎಷ್ಟನೇ ಸಿಲಿಂಡರಿನದು ಅಂತ ಗೊತ್ತಿದ್ದರೆ ಬರೆದು.

ಗದಗದ ಟೀಚರ್: ಗ್ಯಾರೇಜಿನವರು ಬಿಸಾಡಿದರಂತೆ.

ಹಿರೇಕೆರೂರು: ಸರ್, ನನ್ನ ಪ್ರಶ್ನೆ?