ಎರ್ರಿಸ್ವಾಮಿ ಕೊಳ್ಳದ ಮೊಬೈಲ್‌ನ ಕಂತು

ಬಳ್ಳಾರಿಯಲ್ಲಿ ಒಗ್ಗರಣೆ-ಮಿರ್ಚಿ ಮುಂದಿಟ್ಟರೆ ಯಾರ ಹೊಟ್ಟೆಯಲ್ಲೂ ಗುಟ್ಟು ನಿಲ್ಲುವುದಿಲ್ಲ. ಎರ್ರಿಸ್ವಾಮಿಗೆ ಬೈಕ್ ಸಾಲ ಸಿಗಲಿಲ್ಲ ಎಂಬ ಸುದ್ದಿ ಎರಡನೇ ಮಿರ್ಚಿಗೇ ಹೊರಬಿತ್ತು.

“ಸಿಬಿಲ್, ಅಂದರೆ ಸಾಲ ತೀರಿಸಿದ ಲೆಕ್ಕ ಕೆಟ್ಟಿದೆಯಂತೆ. ನಾನು ದೊಡ್ಡ ಮೊಬೈಲ್ ಕಂತಿನ ಮೇಲೆ ತಗೊಂಡು, ಒಂದು ಕಂತೂ ಕಟ್ಟಿಲ್ಲವಂತೆ.”

ಎಲ್ಲರೂ ಅವನ ಮೊಬೈಲ್ ನೋಡಿದೆವು. ಗುಂಡಿ ಒತ್ತುವ ಫೋನು. ಬ್ಯಾಟರಿ ಬೀಳದಿರಲಿ ಎಂದು ರಬ್ಬರ್ ಬ್ಯಾಂಡ್ ಬೇರೆ.

“ಲೇ, ನಿನ್ನ ಹೆಸರಿಟ್ಟುಕೊಂಡವನು ನಿನಗಿಂತ ಚೆನ್ನಾಗಿ ಬದುಕ್ತಿದ್ದಾನಲ್ಲೋ!” ಎಂದ ಗಾದಿಲಿಂಗ.

ಪಂಪಣ್ಣ ಬ್ಯಾಂಕಿನಿಂದ ರಿಟೈರ್ ಆದವರು. “ಆಧಾರ್ ಜೆರಾಕ್ಸ್ ಎಲ್ಲೆಲ್ಲಿ ಕೊಟ್ಟಿದ್ದೀಯಪ್ಪಾ?” ಎಂದು ಕೇಳಿದರು.

“ಕೇಳಿದವರಿಗೆಲ್ಲ ಕೊಟ್ಟಿದ್ದೀನಿ. ಲಾಡ್ಜಿಗೆ, ಗ್ಯಾಸಿಗೆ, ರಸ್ತೆ ಬದಿ ಕೊಡೆ ಕೆಳಗೆ ಸಿಮ್ ಮಾರೋ ಹುಡುಗನಿಗೆ. ಪಾಪ, ಬೆರಳು ಸರಿಯಾಗಿ ಬಂದಿಲ್ಲ ಅಂತ ಎರಡು ಸಲ ಒತ್ತಿಸಿಕೊಂಡ.”

“ಮೊದಲನೇ ಸಲ ನಿನ್ನ ಸಿಮ್, ಎರಡನೇ ಸಲ ಅವನ ಸಿಮ್ ಇರಬೇಕು” ಎಂದ ಖಾಜಾ.

ಇದೇ ಎರ್ರಿಸ್ವಾಮಿ ಸ್ವಂತ ತಮ್ಮನಿಗೂ ಹೊಲದ ಪಹಣಿ ತೋರಿಸುವವನಲ್ಲ. ಆಧಾರ್ ಮಾತ್ರ ಮದುವೆ ಕಾರ್ಡಿನ ಹಾಗೆ ಹಂಚಿದ್ದಾನೆ. ನಮ್ಮ ಕಡೆ ಎಲ್ಲರದೂ ಇದೇ ಕಥೆ ಅನ್ನಿ.

ಖಾಜಾ ತನ್ನ ಫೋನಿನಲ್ಲಿ ಸರ್ಕಾರದ ಸಂಚಾರ ಸಾಥಿ ಪೋರ್ಟಲ್ ತೆರೆದ. ಇವನ ನಂಬರ್ ಹಾಕಿ, ಬಂದ ಓಟಿಪಿ ಹೊಡೆದರೆ, ಇವನ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬ ಪಟ್ಟಿ ಬರುತ್ತದೆ. ಮೂರು ಬಂದವು. ಒಂದು ಇವನದು, ಒಂದು ಹೆಂಡತಿ ಹಂಪಮ್ಮನದು. ಮೂರನೆಯದು?

ಎರ್ರಿಸ್ವಾಮಿ ಬೆವರಿದ. “ಖಾಜಾ, ಇದು ನಮ್ಮ ಮನೆಗೆ ಗೊತ್ತಾಗಬಾರದು ನೋಡು. ಮೂರನೇ ನಂಬರ್ ಯಾರದು ಅಂತ ಅವಳು ಕೇಳಿದರೆ ಯಾವ ಪೋರ್ಟಲ್ಲೂ ನನ್ನ ಉಳಿಸಲ್ಲ.”

“ಅದಕ್ಕೇ ‘ನನ್ನ ನಂಬರ್ ಅಲ್ಲ’ ಅಂತ ಒತ್ತೋಕೆ ಇಲ್ಲೇ ಜಾಗ ಇದೆ.”

“ಒತ್ತು ಒತ್ತು! ಮತ್ತೆ ಒತ್ತಿದ್ದಕ್ಕೊಂದು ಚೀಟಿ ಕೊಡ್ತಾರಾ? ಅವಳಿಗೆ ತೋರಿಸೋಕೆ.”

ಪಂಪಣ್ಣ ಸುಮ್ನೆ ಕೂರುವವರಲ್ಲ. ಇನ್ಮೇಲೆ ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೊಡು ಎಂದರು. ಜೆರಾಕ್ಸ್ ಕೊಡಲೇಬೇಕಾದರೆ ಯಾತಕ್ಕೆ, ಯಾವ ತಾರೀಖು ಅಂತ ಮೇಲೆ ಅಡ್ಡಕ್ಕೆ ಬರೆ. ಆಧಾರಿನ ಬೆರಳಚ್ಚನ್ನೂ ಲಾಕ್ ಮಾಡು. ಓಟಿಪಿ ಇಲ್ಲದೆ ಬರೀ ಹೆಬ್ಬೆಟ್ಟಿನ ಮೇಲೆ ದುಡ್ಡು ಎಳೆಯುವವರಿದ್ದಾರೆ.

“ಬೆರಳು ಲಾಕ್ ಮಾಡಿದರೆ ರೇಷನ್ ಹೆಂಗೆ ತರೋದು?” ಗಾದಿಲಿಂಗನಿಗೆ ಅಕ್ಕಿಯದೇ ಚಿಂತೆ.

“ಹೋಗುವಾಗ ತೆಗಿ, ಬಂದ ಮೇಲೆ ಹಾಕು. ಮನೆ ಬೀಗ ಹಾಕಲ್ವಾ?”

“ದುಡ್ಡು ಹೋದರೆ?”

“ಯೋಚನೆ ಮಾಡ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ತಡವಾದಷ್ಟೂ ದುಡ್ಡು ಕೈ ದಾಟುತ್ತೆ.”

ಆದರೆ ಎರ್ರಿಸ್ವಾಮಿಯದು ಹೋದ ದುಡ್ಡಲ್ಲ, ತಲೆ ಮೇಲೆ ಬಂದ ಸಾಲ. ಅದಕ್ಕೆ ದಾರಿ ಬೇರೆ. ಯಾರು ಸಾಲ ತಗೊಂಡರು, ಹೇಗೆ ಕಟ್ಟಿದರು ಎಂಬ ಲೆಕ್ಕ ಇಡುವ ಕಂಪನಿಗಳು ನಮ್ಮ ದೇಶದಲ್ಲಿ 4 ಇವೆ. ಸಿಬಿಲ್ ಅದರಲ್ಲಿ ಒಂದು. ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ಅದನ್ನು ತೆಗೆಸಿ, ಈ ಸಾಲ ನಂದಲ್ಲ ಎಂದು ಅಲ್ಲೂ, ಸಾಲ ಕೊಟ್ಟವರಿಗೂ, ಪೊಲೀಸರಿಗೂ ಬರೆದು ಕೊಡಬೇಕು.

“ಬರೆದು ಕೊಟ್ಟರೆ ಮಾಡ್ತಾರಾ?”

“30 ದಿನದೊಳಗೆ ಸರಿಮಾಡಬೇಕು. ಇಲ್ಲಾಂದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ನಿನಗೇ ಕೊಡಬೇಕು. ರಿಸರ್ವ್ ಬ್ಯಾಂಕಿನ ನಿಯಮ.”

ಎರ್ರಿಸ್ವಾಮಿ ಕೈಯಲ್ಲಿದ್ದ ಮಿರ್ಚಿ ಕೆಳಗಿಟ್ಟ. ಬೆರಳು ಮಡಚಿ ಎಣಿಸಿದ.

“ತಿಂಗಳಿಗೆ 3,000 ಆಯ್ತು. ಬೈಕಿನ ಕಂತೂ ಅಷ್ಟೇ ಬರೋದು. ಪಂಪಣ್ಣ, ಅವಸರ ಏನಿಲ್ಲ, ನಿಧಾನಕ್ಕೇ ಮಾಡ್ರಿ ಅಂತ ಅರ್ಜಿಯಲ್ಲೇ ಬರೆಯೋಕಾಗುತ್ತಾ?”